ರಾತ್ರಿ ಹಚ್ಚುವ ಮದ್ದು

ಜಿತೇಂದ್ರನಿಗೆ ಹೆಣ್ಣು ನೋಡಲು ಕಿರಿಮಂಜೇಶ್ವರಕ್ಕೆ ಹೋದದ್ದು ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ. ಮರವಂತೆಯಿಂದ ಹೊರಟವರು ನಾಲ್ವರು: ಜಿತೇಂದ್ರ, ಅವನ ತಾಯಿ ವನಜ, ತಂಗಿ ಧನ್ಯಶ್ರೀ ಮತ್ತು ಅಜ್ಜಿ ಸುಗುಣಮ್ಮ. ತಂದೆ ದೇವಪ್ಪ ತೀರಿಕೊಂಡು ಒಂದು ವರ್ಷ ಕಳೆದಿತ್ತು. ವರ್ಷಾಂತದ ಕಾರ್ಯ ಮುಗಿದ ಮೇಲೆ ಮನೆಯಲ್ಲಿ ಒಂದು ಶುಭಕಾರ್ಯ ಆಗಲಿ ಎಂದು ಹಟ ಹಿಡಿದವರು ಸುಗುಣಮ್ಮನೇ. ಸತ್ತವನು ಅವರ ಒಬ್ಬನೇ ಮಗ. ಆದರೂ ದೇವರ ಮುಂದೆ ಕೈಮುಗಿದು, ಮೊಮ್ಮಗನ ಮದುವೆ ನೋಡುವಷ್ಟು ಆಯುಸ್ಸು ಕೊಡು ಎಂದು ಕೇಳಿಕೊಂಡಿದ್ದರು.

ಹುಡುಗಿ ಚಂದನಾ ಎಲ್ಲರಿಗೂ ಹಿಡಿಸಿದಳು. ಗೋಳಿಬಜೆ, ಚಹಾ ಆಯಿತು. ಮಾತು ಒಂದು ಹದಕ್ಕೆ ಬಂದಾಗ ಹುಡುಗಿಯ ದೊಡ್ಡಮ್ಮ ಒಳಗಿನಿಂದ ಬಂದು, ಬೆಂಚಿನ ಮೇಲೆ ಒಟ್ಟಿಗೆ ಕುಳಿತಿದ್ದ ಸುಗುಣಮ್ಮನನ್ನೂ ವನಜಳನ್ನೂ ನೋಡಿದರು.

“ನೀವಿಬ್ರೂ ಅಕ್ಕ ತಂಗಿಯಾ?”

“ಎಂತ ಅಕ್ಕ ತಂಗಿ ಮರಾಯ್ತಿ, ಅತ್ತೆ ಸೊಸೆ,” ಎಂದರು ಸುಗುಣಮ್ಮ. “ನಂಗ್ ಅರ್ವತ್ತೆಂಟ್ ಆಯ್ತ್.”

“ಕಂಡ್ರೆ ಹೇಳುಕಾತಿಲ್ಲೆ ಕಾಣಿ.”

ಎಲ್ಲರೂ ನಕ್ಕರು. ವನಜಳೂ ನಕ್ಕಳು. ಅವಳಿಗೆ ನಲವತ್ತೇಳು.

ಆ ವಾರ ಪೂರ್ತಿ ಸುಗುಣಮ್ಮ ಆ ಮಾತನ್ನು ಸಿಕ್ಕಿದವರಿಗೆಲ್ಲ ಹೇಳಿದರು. ಭಜನಾ ಮಂದಿರದಲ್ಲಿ ಹೇಳಿದರು, ನೀರಿನ ನಳ್ಳಿಯ ಹತ್ತಿರ ಹೇಳಿದರು. ಮಗ ಹೋದ ಮೇಲೆ ಅವರ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು. ಹಾಗಾಗಿ ಮನೆಯಲ್ಲಿ ಯಾರೂ ತಡೆಯಲಿಲ್ಲ.

ವನಜ ಮೀನು ಮಾರುವವಳು. ಇಪ್ಪತ್ತೈದು ವರ್ಷಗಳಿಂದ ಬುಟ್ಟಿ ಹೊತ್ತು ಬಿಸಿಲಿನಲ್ಲಿ ಮನೆ ಮನೆ ತಿರುಗಿದವಳು. ಎರಡು ಕೆನ್ನೆಗಳ ಮೇಲೂ ಹಣೆಯ ಮೇಲೂ ಕಪ್ಪು ಬಂಗು ಹರಡಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮಾಡಿ ಕಣ್ಣಂಚಿನಲ್ಲಿ ಗೆರೆಗಳು ಬಿದ್ದಿದ್ದವು. ಮನೆಯ ಕನ್ನಡಿ ಎತ್ತರದಲ್ಲಿತ್ತು. ಅವಳು ಅದನ್ನು ನೋಡುತ್ತಿದ್ದದ್ದು ತಲೆ ಬಾಚುವಾಗ, ಬೈತಲೆಯನ್ನಷ್ಟೇ.

ಒಂದು ಸಂಜೆ ಬೂತಾಯಿ ಮೀನು ಹೆಚ್ಚುತ್ತಾ ಅವಳು ಮಗಳನ್ನು ಕೇಳಿದಳು. ಧನ್ಯಶ್ರೀ ಕುಂದಾಪುರದ ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಂಗಡಿಯ ಒಂದು ಬದಿಗೆ ಔಷಧ, ಇನ್ನೊಂದು ಬದಿಗೆ ಸೋಪು, ಕ್ರೀಮು, ಪೌಡರು. ಆ ಬದಿ ಅವಳದು.

“ಧನ್ಯಾ, ಈ ಬಂಗಿಗೆ ನಿಮ್ಮ್ ಅಂಗ್ಡಿಯಂಗೆ ಎಂತಾರೂ ಇತ್ತಾ?”

“ಇಷ್ಟ್ ವರ್ಷ ಕೇಳ್ದಿದ್ದವ್ಳ್ ಈಗ ಎಂತಕ್ ಅಬ್ಬಿ?”

“ಇತ್ತಾ ಇಲ್ಯಾ ಹೇಳ್.”

“ಇತ್ತ್,” ಎಂದಳು ಮಗಳು. ಅವಳಿಗೆ ಕಾರಣ ಗೊತ್ತಿತ್ತು. ಮತ್ತೆ ಕೇಳಲಿಲ್ಲ.

ಮಾರನೆಯ ದಿನ ವ್ಯಾಪಾರ ಮುಗಿಸಿ ವನಜ ಅಂಗಡಿಗೆ ಬಂದಳು. ಜೊತೆಗೆ ಪದ್ದು. ಅವಳೂ ಮೀನು ಮಾರುವವಳು, ನೆರೆಮನೆಯವಳು, ವಾರಿಗೆಯವಳು. ಖಾಲಿ ಬುಟ್ಟಿಗಳನ್ನು ಚರಂಡಿಯ ಆಚೆ ಇಟ್ಟು, ಸೆರಗಿನಿಂದ ಕೈ ಒರೆಸಿಕೊಂಡು ಇಬ್ಬರೂ ಮೆಟ್ಟಿಲ ಹತ್ತಿರವೇ ನಿಂತರು. ಅಂಗಡಿಯ ಯಜಮಾನ ರವಿರಾಜ್ ಒಳಗೆ ಬನ್ನಿ ಎಂದ ಮೇಲೆ ಬಂದರು.

ವನಜ ಒಂದು ಟ್ಯೂಬಿನ ಕಡೆ ಬೆರಳು ತೋರಿಸಿದಳು. “ಅದ್ ಕೊಡಿ. ನಮ್ ಕೇರಿಯಂಗೆ ಎರಡ್ ಜನ ಹಚ್ತ್ರ್. ವಾರದಂಗೆ ಬೆಳ್ಳಗಾಯ್ರ್.”

“ಆರ್ ತಿಂಗ್ಳ್ ಬಿಟ್ ಅವ್ರ ಮೋರೆ ಕಾಣಿ,” ಎಂದು ರವಿರಾಜ್ ಆ ಟ್ಯೂಬನ್ನು ಹಿಂದಕ್ಕೆ ಸರಿಸಿದರು. “ಅದ್ರಂಗೆ ಸ್ಟೀರಾಯ್ಡ್ ಇತ್ತ್. ಚರ್ಮ ಕಾಗ್ದದ್ ಹಾಂಗ್ ತೆಳು ಆತ್ತ್. ಡಾಕ್ಟ್ರ ಚೀಟಿ ಇಲ್ದೆ ನಾನ್ ಅದನ್ನ್ ಕೊಡುದಿಲ್ಲೆ. ಒಂದ್ಸಲ ಚರ್ಮದ ಡಾಕ್ಟ್ರಿಗೆ ತೋರ್ಸುದ್ ಒಳ್ಳೇದ್.”

“ಡಾಕ್ಟ್ರಲ್ಲಿ ಕಾದ್ ಕೂಕಂಬುಕೆ ಹೋರೆ ಮನೀಲ್ ಮೀನ್ ಒಣ್ಸುದ್ ಯಾರ್?”

ಆಗ ಧನ್ಯಶ್ರೀ ವಿಟಮಿನ್ ಎ ಸೀರಮ್ಮಿನ ಎರಡು ಬಾಟಲಿಗಳನ್ನು ತಂದಿಟ್ಟಳು. ಎರಡೂ ಹೆಬ್ಬೆರಳಿನಷ್ಟು ಉದ್ದ. ಒಂದು ಗಾಜಿನದು, ಡ್ರಾಪರಿನಿಂದ ಹನಿ ಹನಿ ತೆಗೆಯುವಂಥದು, ಶಕ್ತಿ ಜಾಸ್ತಿಯದು. ಇನ್ನೊಂದು ಬೆಳಕು ಒಳಗೆ ಹೋಗದ ಬಿಳಿ ಬಾಟಲಿ, ಮೇಲೆ ಒತ್ತಿದರೆ ಒಂದು ಹನಿ ಬರುವಂಥದು, ಶಕ್ತಿ ಕಡಿಮೆಯದು.

“ಜೋರಿದ್ದೇ ಕೊಡ್,” ಎಂದಳು ವನಜ. “ಮದಿಗ್ ಮೊದ್ಲ್ ಆಯ್ಕ್.”

“ಆತಿಲ್ಲೆ,” ಎಂದಳು ಮಗಳು. “ಮೊದ್ಲ್ ಸಣ್ಣದ್. ಮೋರೆಗೆ ಅಭ್ಯಾಸ ಆಯ್ಕ್. ಇದ್ ಗಾಳಿ ಬೆಳ್ಕ್ ತಾಗಿ ಹಾಳಾತಿಲ್ಲೆ.”

“ಬಂಗ್ ಪೂರ್ತಿ ಹೋತ್ತ್ ಅಂದೇಳಿ ನಾನ್ ಹೇಳುದಿಲ್ಲೆ,” ಎಂದರು ರವಿರಾಜ್. “ಮೂರ್ ತಿಂಗ್ಳ್ ಹಚ್ರೆ ಒಂಚೂರ್ ತಿಳಿ ಆತ್ತ್. ಗೆರೆ ಕಡ್ಮಿ ಆತ್ತ್. ಮತ್ತೆ ಒಂದ್ ಕೇಳ್ಕ್, ಬೇಜಾರ್ ಮಾಡ್ಕಂಬೇಡಿ, ಎಲ್ಲರ ಹತ್ರವೂ ಕೇಳ್ತೆ. ಬಸ್ರಿ ಆಪು ಯೋಚ್ನೆ ಇದ್ರೆ ಇದ್ ಹಚ್ಚುಕಾಗ.”

ಪದ್ದು ಸೆರಗು ಬಾಯಿಗೆ ಇಟ್ಟುಕೊಂಡಳು. “ಮಗನಿಗೆ ಮದಿ ಮಾಡುಕ್ ಹೊರ್ಟಿತ್ ಮರಾಯ್ರೆ. ಅದ್ರ ಹತ್ರ ಎಂತ ಕೇಳ್ತ್ರಿ.”

ರವಿರಾಜರೂ ನಕ್ಕರು. ವನಜ ಸೊಂಟದ ಚೀಲ ಬಿಚ್ಚಿ ಹಣ ಕೊಟ್ಟಳು. ಮಗಳು ಕೊಡುತ್ತೇನೆ ಎಂದಾಗ, ನನ್ನ ಮುಖಕ್ಕೆ ನನ್ನ ದುಡ್ಡು ಎಂದಳು. ಬಿಸಿಲಿಗೆ ಹಚ್ಚುವ ಒಂದು ಟ್ಯೂಬನ್ನು ಧನ್ಯಶ್ರೀ ತನ್ನ ಲೆಕ್ಕದಲ್ಲಿ ಸೇರಿಸಿದಳು.

ಮನೆಯಲ್ಲಿ ಮಗಳು ವಿವರವಾಗಿ ಹೇಳಿಕೊಟ್ಟಳು. ಮುಖವನ್ನು ಸೋಪಿನಿಂದ ತೊಳೆಯಬೇಕು, ಚೆನ್ನಾಗಿ ಒಣಗಬೇಕು, ಆಮೇಲೆ ಬಟಾಣಿ ಕಾಳಿನಷ್ಟು ತೆಗೆದು ಇಡೀ ಮುಖಕ್ಕೆ ತೆಳ್ಳಗೆ ಹಚ್ಚಬೇಕು. ಕಣ್ಣಂಚು, ತುಟಿ ಬಿಡಬೇಕು. ಹಚ್ಚಿ ಮಲಗಿಬಿಡಬೇಕು. ಮೊದಲು ವಾರಕ್ಕೆ ಎರಡು ಸಲ ಮಾತ್ರ.

“ಸೋಮಾರ, ಗುರ್ವಾರ ಹಚ್ತೆ,” ಎಂದಳು ವನಜ. ಆ ಎರಡು ದಿನ ಮೀನು ತಿನ್ನದ ಮನೆಗಳು ಜಾಸ್ತಿ, ಕೆಲಸ ಸ್ವಲ್ಪ ಬೇಗ ಮುಗಿಯುತ್ತಿತ್ತು.

ಮೂರನೆಯ ವಾರದಲ್ಲಿ ವಿಷಯ ಸುಗುಣಮ್ಮನಿಗೆ ತಿಳಿಯಿತು. ಗೋಡೆಯ ಗೂಡಿನಲ್ಲಿ ಎಣ್ಣೆ ಬಾಟಲಿ ಹುಡುಕುವಾಗ ಸೀರಮ್ಮಿನ ಬಾಟಲಿ ಕೈಗೆ ಸಿಕ್ಕಿತು. ಆ ದಿನ ಜಿತೇಂದ್ರ ಬೋಟಿನಿಂದ ಬಂದು ಊಟಕ್ಕೆ ಕುಳಿತಾಗ ಹೇಳಿದರು.

“ನಿನ್ ಅಬ್ಬಿ ಮೋರೆಗೆ ಎಂತದೋ ಹಚ್ಕಂತಿತ್ತ್, ಗೊತ್ತಿತ್ತಾ ನಿಂಗೆ?”

ಜಿತೇಂದ್ರ ಸಾರು ಕಲಸುವುದನ್ನು ನಿಲ್ಲಿಸಲಿಲ್ಲ. “ಗೊತ್ತಿತ್ತ್. ಎಂತ ಅದ್?”

“ಮದ್ದ್, ಅಮ್ಮಮ್ಮ,” ಎಂದಳು ಧನ್ಯಶ್ರೀ. “ಬಂಗಿಗೆ.”

“ಮಗ ಹೋಯಿ ಎರಡ್ ವರ್ಷ ಆಯ್ಲಿಲ್ಲೆ. ಯಾರಿಗ್ ಕಾಂಬುಕೆ ಅದ್ ಹಚ್ಚುದ್?”

“ನೀವ್ ಮಂಡಿಗೆ ತೈಲ ಹಚ್ಕಂಬುದಿಲ್ಯಾ?”

“ನನ್ ಮಂಡಿ ನೋವಾತ್ತ್. ಅದ್ರ ಮೋರೆ ನೋವಾತ್ತಾ?”

ಒಲೆಯ ಹತ್ತಿರ ಕುಳಿತಿದ್ದ ವನಜ ತಿರುಗದೆ ಹೇಳಿದಳು: “ಆತ್ತ್.”

ಜಿತೇಂದ್ರ ನೀರು ಕುಡಿದು, “ಮದಿ ಒಂದ್ ಮುಗಿಲಿ ಅಬ್ಬಿ. ಆಮೇಲೆ ಎಂತ ಬೇಕಾರೂ ಹಚ್ಕೊ. ಈಗ್ಲೇ ಬೋಟಿನಂಗೆ ಒಬ್ಬೊಬ್ರ್ ಒಂದೊಂದ್ ಮಾತಾಡ್ತ್ರ್,” ಎಂದ.

“ಬೋಟಿನವ್ರಿಗೆ ಯಾರ್ ಹೇಳ್ದ್?” ಎಂದಳು ವನಜ.

“ಪದ್ದಕ್ಕನ ಬಾಯಿಗೆ ಬಾಗ್ಲ್ ಇತ್ತಾ?”

ವನಜ ಅವನ ತಟ್ಟೆಗೆ ಇನ್ನೊಂದು ಮೀನು ಹಾಕಿದಳು. ಮಾತು ಅಲ್ಲಿಗೆ ನಿಂತಿತು. ಹಚ್ಚುವುದು ನಿಲ್ಲಲಿಲ್ಲ.

ಒಂದು ತಿಂಗಳಾಗುವಾಗ ಕೆನ್ನೆ ಸ್ವಲ್ಪ ಒಣಗಿದಂತೆ ಕಂಡಿತು, ಮೂಗಿನ ಬದಿಯಲ್ಲಿ ಸಿಪ್ಪೆ ಎದ್ದಿತು. ಅಷ್ಟು ಇದ್ದದ್ದೇ ಎಂದಳು ಮಗಳು. ಇನ್ನು ದಿನ ಬಿಟ್ಟು ದಿನ ಹಚ್ಚಬಹುದು ಎಂದೂ ಹೇಳಿದಳು. ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ದಿನ ಬಿಟ್ಟು ದಿನ ಹಚ್ಚತೊಡಗಿದ ಎರಡನೆಯ ವಾರ ವನಜಳ ಮುಖ ಕೆಂಪಾಯಿತು. ಮೊದಲು ಉರಿ, ಆಮೇಲೆ ತುರಿ, ಆಮೇಲೆ ಕೆನ್ನೆಯ ಚರ್ಮ ಹಾಳೆ ಹಾಳೆಯಾಗಿ ಕಿತ್ತು ಬಂತು. ಬಂಗು ಇದ್ದ ಕಡೆ ಇನ್ನಷ್ಟು ಕಪ್ಪಾಯಿತು. ಮೀನು ತೊಳೆಯುವಾಗ ಉಪ್ಪುನೀರು ಹಾರಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಗುಲ್ವಾಡಿಯಲ್ಲಿ ದಿನವೂ ಮೀನು ಕೊಳ್ಳುವ ಮನೆಯವರು, ಏನಾಯಿತು, ಸರ್ಪಸುತ್ತೇ ಎಂದು ಕೇಳಿ, ಆ ದಿನ ಮೀನು ಬೇಡ ಎಂದರು. ಮರುದಿನವೂ ಬೇಡ ಎಂದರು.

“ದೇವ್ರ್ ಕಾಂತ್ರ್,” ಎಂದರು ಸುಗುಣಮ್ಮ, ದೇವರ ಪಟದ ಕಡೆಗೇ ಮುಖ ಮಾಡಿ. “ನಾನ್ ಎಂತದೂ ಹೇಳುದಿಲ್ಲೆ. ಅವ್ರ್ ಕಾಂತ್ರ್.”

ಆ ಸಂಜೆ ಧನ್ಯಶ್ರೀ ತಾಯಿಯನ್ನು ಬೆಳಕಿಗೆ ಕೂರಿಸಿ ನೋಡಿದಳು. ಮದ್ದು ತಾನೇ ಆರಿಸಿ ಕೊಟ್ಟದ್ದು.

“ಎಷ್ಟ್ ಹಚ್ದೆ ಅಬ್ಬಿ?”

“ನೀ ಹೇಳ್ದಷ್ಟೇ. ಬಟಾಣಿ ಕಾಳಿನಷ್ಟ್.”

“ಮೋರೆ ಒಣ್ಗಿತ್ತಾ?”

“ಒಣ್ಗಿತ್ತ್. ಮಿಂದ್ ಬಂದ್, ಉಂಡ್, ಒಣ್ಗಿದ್ ಮೇಲೆ ಹಚ್ಚಿ ಮನಿಕಂತಿದ್ದೆ.”

ಧನ್ಯಶ್ರೀ ಕೈ ಕೆಳಗಿಟ್ಟಳು. “ಮಿಂದ್ ಬಪ್ಪುದ್ ಮಧ್ಯಾಹ್ನ ಅಲ್ದಾ?”

“ಹೌದ್. ಮೀನಿನ ವಾಸ್ನಿ ಹೊತ್ಕಂಡ್ ಸಂಜಿ ವರೆಗೆ ಕೂಕಂತ್ರಾ?”

“ಅಬ್ಬಿ, ಇದ್ ರಾತ್ರಿ ಹಚ್ಚುದ್. ಹಚ್ಚಿ ಬಿಸ್ಲಿಗ್ ಹೋಪುಕಾಗ. ನೀ ಹಚ್ಕಂಡ್ ಮೀನ್ ಒಣ್ಸುಕೆ ಹೋತಿದ್ಯಲೆ.”

“ಮನಿಕಂಬು ಮೊದ್ಲ್ ಅಂದೆ ನೀನ್.”

“ಮನಿಕಂಬುದ್ ರಾತ್ರಿ ಅಲ್ದಾ?”

“ರಾತ್ರಿ ನಾನ್ ಎಲ್ಲ್ ಮನಿಕಂತೆ?” ಎಂದಳು ವನಜ. ಅದು ಸಿಟ್ಟಿನ ಮಾತಲ್ಲ. ಮಗಳಿಗೆ ಗೊತ್ತಿರಬೇಕಾದ ಒಂದು ವಿಷಯವನ್ನು ನೆನಪು ಮಾಡಿದಂತಿತ್ತು.

ಅವಳ ದಿನ ಹೀಗಿತ್ತು. ಎರಡೂವರೆಗೆ ಎದ್ದು, ಪದ್ದುವಿನ ಜೊತೆ ಟೆಂಪೋ ಹತ್ತಿ ಗಂಗೊಳ್ಳಿ ಬಂದರಿಗೆ ಹೋಗಿ ಏಲಂ ಕೂಗುವಲ್ಲಿ ಮೀನು ಕೊಳ್ಳಬೇಕು. ಬೆಳಕಾಗುವಾಗ ಬುಟ್ಟಿ ಹೊತ್ತು ಹೊರಡಬೇಕು. ಮನೆಗೆ ಬರುವಾಗ ಮಧ್ಯಾಹ್ನ. ಸ್ನಾನ ಮಾಡಿ ಉಂಡು, ಚಾಪೆ ಹಾಸಿ, ತಲೆದಿಂಬು ಇಟ್ಟು ಮೂರು ಗಂಟೆಯವರೆಗೆ ಮಲಗುವುದೇ ಅವಳ ನಿದ್ರೆ. ಎದ್ದು ಕಡಲ ಬದಿಗೆ ಹೋಗಿ, ಬಲೆಯ ಮೇಲೆ ಹರಡಿದ ಒಣಮೀನು ಮಗುಚಿ, ಕಾಗೆ ನಾಯಿ ಕಾದು, ಇಬ್ಬನಿ ಬೀಳುವ ಮೊದಲು ಒಳಗೆ ತರಬೇಕು. ಆಮೇಲೆ ಅಡುಗೆ. ಜಿತೇಂದ್ರನ ಬೋಟು ಬರುವುದು ಹತ್ತಕ್ಕೋ ಹನ್ನೊಂದಕ್ಕೋ. ಕಡಲಿಗೆ ಹೋದ ಗಂಡಸು ಬಂದು ಉಣ್ಣುವವರೆಗೆ ರಾತ್ರಿ ಮನೆಯ ಹೆಂಗಸು ಚಾಪೆ ಹಾಸಬಾರದು ಎಂಬುದು ಆ ಮನೆಯ ನಡೆ. ಸುಗುಣಮ್ಮ ತನ್ನ ಗಂಡನಿಗೆ ಹಾಗೆ ಕಾದಿದ್ದರು. ವನಜ ದೇವಪ್ಪನಿಗೆ ಕಾದಿದ್ದಳು, ಈಗ ಮಗನಿಗೆ ಕಾಯುತ್ತಿದ್ದಳು. ಅವನು ಉಂಡ ಮೇಲೆ ಪಾತ್ರೆ ತೊಳೆದು, ಒಲೆಯ ಹತ್ತಿರದ ಗೋಡೆಗೆ ಒರಗಿದಲ್ಲೇ ಕಣ್ಣು ಮುಚ್ಚಿದರೆ ಎರಡೂವರೆಗೆ ಮೊಬೈಲು ಕೂಗುತ್ತಿತ್ತು. ಅದನ್ನು ಮಲಗುವುದು ಎಂದು ಅವಳು ಯಾವತ್ತೂ ಹೇಳಿದವಳಲ್ಲ.

ಬಿಸಿಲಿನ ಟ್ಯೂಬು ಏನಾಯಿತು ಎಂದು ಮಗಳು ಕೇಳಿದಳು. ಬೆವರಿಗೆ ಇಳಿದು ಕಣ್ಣಿಗೆ ಹೋಗುತ್ತದೆ ಎಂದು ಅದನ್ನು ಹಚ್ಚುವುದನ್ನು ಯಾವಾಗಲೋ ಬಿಟ್ಟಿದ್ದಳು.

ರವಿರಾಜರು ಫೋನಿನಲ್ಲಿ ಚಿತ್ರ ನೋಡಿ, ಈ ಸಲ ನನ್ನನ್ನು ಕೇಳಲೇ ಬೇಡಿ, ಡಾಕ್ಟರಿಗೆ ತೋರಿಸಿ ಎಂದರು. ಧನ್ಯಶ್ರೀ ರಜೆ ಹಾಕಿ ಕರೆದುಕೊಂಡು ಹೋದಳು. ಡಾಕ್ಟರು ವಯಸ್ಸಾದ ಹೆಂಗಸು, ಬೈಯಲಿಲ್ಲ. ಮದ್ದು ತಪ್ಪಲ್ಲ, ಹಚ್ಚಿದ ಹೊತ್ತು ತಪ್ಪು ಎಂದರು. ಚರ್ಮ ಪೂರ್ತಿ ಮಾಗುವವರೆಗೆ ಬರೀ ಪೆಟ್ರೋಲಿಯಂ ಜೆಲ್ಲಿ, ಮಧ್ಯಾಹ್ನದ ಬಿಸಿಲು ಬೇಡವೇ ಬೇಡ. ಆಮೇಲೆ ಬೇಕಾದರೆ ಮೊದಲಿನಿಂದ, ವಾರಕ್ಕೆ ಒಂದು ಸಲ, ರಾತ್ರಿ, ಮೊದಲು ಕ್ರೀಮು ಹಚ್ಚಿ ಅದರ ಮೇಲೆ. “ರಾತ್ರಿ ಎಷ್ಟು ಗಂಟೆ ನಿದ್ರೆ ಮಾಡ್ತೀರಿ?” ಎಂದೂ ಕೇಳಿದರು. ವನಜ ಉತ್ತರ ಹೇಳಿದಳು. ಡಾಕ್ಟರು ಬರೆಯುತ್ತಿದ್ದವರು ತಲೆ ಎತ್ತಿ, “ಮುಖಕ್ಕಿಂತ ಮೊದಲು ಅದನ್ನು ಸರಿ ಮಾಡ್ಕೊಳ್ಳಿ,” ಎಂದರು.

ಬರುವಾಗ ಬಸ್ಸಿನಲ್ಲಿ ವನಜ ಕಿಟಕಿಯ ಕಡೆಗೆ ಸೆರಗು ಹಿಡಿದು ಕುಳಿತಿದ್ದಳು. ಒಂದು ಬದಿಗೆ ಕಡಲು, ಒಂದು ಬದಿಗೆ ಸೌಪರ್ಣಿಕಾ. ವರಾಹಸ್ವಾಮಿಯ ಗುಡಿ ದಾಟುವಾಗ ಕೈ ಮುಗಿದಳು.

“ಬಿಟ್ಬಿಡ್ ಅಬ್ಬಿ,” ಎಂದಳು ಧನ್ಯಶ್ರೀ. “ನಂದೇ ತಪ್ಪ್. ನಾನ್ ಬಾಟ್ಲಿ ಎಸಿತೆ.”

“ಎಸಿಬೇಡ.”

“ಮತ್ತೆ?”

“ನಂಗ್ ಒಂದ್ ರಾತ್ರಿ ಬೇಕ್,” ಎಂದಳು ವನಜ.

ಅಂದಿನ ಊಟದ ಹೊತ್ತಿಗೆ ಅವಳು ಆ ಮಾತನ್ನು ಎಲ್ಲರ ಎದುರು ಹೇಳಿದಳು. ನಾಳೆಯಿಂದ ಒಣಮೀನಿಗೆ ಹೋಗುವುದಿಲ್ಲ. ಅಡುಗೆಯನ್ನು ಸಂಜೆಯೇ ಮಾಡಿಡುತ್ತೇನೆ. ದೀಪ ಹಚ್ಚುವ ಹೊತ್ತಿಗೆ ಚಾಪೆ ಹಾಸುತ್ತೇನೆ.

ಜಿತೇಂದ್ರನಿಗೆ ಮೊದಲು ಹೊಳೆದದ್ದು ಒಣಮೀನು. “ಮಳೆಗಾಲಕ್ ಎಂತ ಮಾರ್ತೆ? ಎರಡ್ ತಿಂಗ್ಳ್ ಬೋಟ್ ಇಲ್ಲೆ. ಮದಿ ಖರ್ಚ್ ಬೇರೆ.”

“ಬಂದರಿನಂಗೆ ಒಣ್ಸು ಹೆಂಗ್ಸ್ರಿದ್ರ್. ಪಾಲಿಗೆ ಕೊಡ್ತೆ. ಅರ್ಧ ಬತ್ತ್.”

“ಅರ್ಧ ಹೋತ್ತ್ ಅಂದ್ ಹೇಳ್.”

“ಹೋಯ್ಲಿ.”

ಸುಗುಣಮ್ಮ ಕೈತೊಳೆದು ಬಂದು ನಿಂತಿದ್ದರು. ಅವರ ಧ್ವನಿ ಏರಲಿಲ್ಲ. “ಮೀನಿನ್ ವಿಷ್ಯ ನಿಮ್ದ್. ಗಂಡ್ ಕಡಲಂಗಿಪ್ಪತಿಗೆ ಚಾಪಿ ಹಾಸುದ್ ಈ ಮನಿಯಂಗಿಲ್ಲೆ. ನನ್ನ್ ಅತ್ತೆ ಹಾಸ್ಲಿಲ್ಲೆ. ನಾನ್ ಹಾಸ್ಲಿಲ್ಲೆ. ಒಂದ್ ಮೋರೆಗೆ ಬೇಕಾಯಿ ಅದನ್ನ್ ಮುರಿತ್ಯಾ? ಇಪ್ಪುದ್ ಒಬ್ಬ ಮಗ ನಿಂಗೆ.”

“ನಾನೂ ಹಾಸ್ಲಿಲ್ಲೆ, ಅತ್ತೆ,” ಎಂದಳು ವನಜ.

“ಹಾಂಗಾರೆ ಈಗ ಎಂತಕ್?”

“ಆ ದಿನವೂ ಹಾಸ್ಲಿಲ್ಲೆ. ಅನ್ನ ಮುಚ್ಚಿಟ್ಕಂಡ್ ಬೆಳ್ಕ್ ಹರಿವಲ್ಲಿ ವರೆಗೆ ಕೂಕಂಡಿದ್ದೆ. ನೀವೂ ಕಂಡಿರಿ.”

ದೇವಪ್ಪನಿಗೆ ಬೋಟಿನಲ್ಲೇ ಎದೆನೋವು ಬಂದಿತ್ತು. ಬಂದರಿಗೆ ತರುವಾಗ ಜೀವ ಇರಲಿಲ್ಲ. ಆ ಬೆಳಿಗ್ಗೆ ಸುದ್ದಿ ತಂದವರಿಗೆ ಬಾಗಿಲು ತೆರೆದವಳು ವನಜ, ಉಟ್ಟ ಬಟ್ಟೆಯಲ್ಲೇ, ಕಣ್ಣು ಮುಚ್ಚದೆ. ಆ ವಿಷಯವನ್ನು ಆ ಮನೆಯಲ್ಲಿ ಇಷ್ಟು ದಿನ ಯಾರೂ ಬಾಯಿಬಿಟ್ಟು ಆಡಿರಲಿಲ್ಲ.

ಸುಗುಣಮ್ಮ ದೇವರ ಪಟದ ಮುಂದೆ ಹೋಗಿ ಕುಳಿತರು. ಜಿತೇಂದ್ರ ಅರ್ಧ ಉಂಡ ತಟ್ಟೆಯ ಮೇಲೆ ಕೈ ಇಟ್ಟುಕೊಂಡು, “ಬಡ್ಸ್ಕಂಡ್ ಉಂಬುಕೆ ನಂಗೆ ಬತ್ತ್, ಅಬ್ಬಿ,” ಎಂದ.

ಮಾತು ಮುಗಿದರೂ ಮನೆ ಸರಿಹೋಗಲಿಲ್ಲ. ವನಜ ಹೇಳಿದಂತೆ ಮಾಡಿದಳು. ಮೊದಲ ವಾರ ಅವಳಿಗೆ ನಿದ್ರೆಯೇ ಬರಲಿಲ್ಲ. ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ, ಹೊರಗಿನ ಒಂದೊಂದು ಸದ್ದನ್ನೂ ಕೇಳುತ್ತಾ ಮಲಗಿರುತ್ತಿದ್ದಳು. ಧನ್ಯಶ್ರೀ ಕೆಲಸದಿಂದ ಬಂದು ಪಾತ್ರೆ ತೊಳೆಯುವಾಗ ಸದ್ದು ಮಾಡಿದರೆ ಏಳುತ್ತಿದ್ದಳು. ಪಾಲಿಗೆ ಕೊಟ್ಟ ಮೀನಿನಲ್ಲಿ ಒಂದು ಪಾಲು ಸರಿಯಾಗಿ ಒಣಗದೆ ಹುಳ ಬಂತು. ಜಿತೇಂದ್ರ ಅದನ್ನು ಎತ್ತಿ ತೋರಿಸಿ, ಹೊಂಡಕ್ಕೆ ಹಾಕಿದ. ಸುಗುಣಮ್ಮ ಸೊಸೆಯೊಡನೆ ಮಾತು ಬಿಟ್ಟರು. ಬೇಕಾದ್ದನ್ನು ಮೊಮ್ಮಗಳ ಮೂಲಕ ಹೇಳಿಸುತ್ತಿದ್ದರು. ಮೊಮ್ಮಗನಿಗೆ ತಾನೇ ಕಾಯತೊಡಗಿದರು.

“ನೀವ್ ಎಂತಕ್ ಕೂಕಂತ್ರಿ ಅಮ್ಮಮ್ಮ, ಮಂಡಿ ನೋವ್ ಇಟ್ಕಂಡ್?” ಎಂದು ಮೊಮ್ಮಗಳು ಕೇಳಿದರೆ, “ಯಾರಾರೂ ಒಬ್ರ್ ಕೂಕಣ್ಕಲೆ,” ಎನ್ನುತ್ತಿದ್ದರು.

ಹೀಗೆ ವಾರ ಎರಡು ಕಳೆದವು. ಒಂದು ಬೆಳಿಗ್ಗೆ ಧನ್ಯಶ್ರೀ ಎದ್ದು ಬಂದಾಗ ಅಜ್ಜಿ ಅಡುಗೆಮನೆಯ ನೆಲ ಒರೆಸುತ್ತಿದ್ದರು. ಹಿಂದಿನ ರಾತ್ರಿ ಬಡಿಸುವಾಗ ಕಣ್ಣು ಕೂತು, ಸಾರಿನ ಪಾತ್ರೆ ಕೈತಪ್ಪಿ ಬಿದ್ದಿತ್ತಂತೆ. ಜಿತೇಂದ್ರ ಮಜ್ಜಿಗೆಯಲ್ಲಿ ಉಂಡು ಮಲಗಿದ್ದನಂತೆ.

“ನಾನ್ ಒರ್ಸ್ತೆ, ಏಳಿ,” ಎಂದು ಧನ್ಯಶ್ರೀ ಬಟ್ಟೆ ತೆಗೆದುಕೊಂಡಳು.

ಸುಗುಣಮ್ಮ ಮಣೆಯ ಮೇಲೆ ಕುಳಿತು ಮಂಡಿ ನೀವಿಕೊಂಡರು. ಚಹಾ ಕೊಟ್ಟರೂ ಕುಡಿಯದೆ ಲೋಟ ಹಿಡಿದುಕೊಂಡೇ ಇದ್ದರು.

“ನಿನ್ ಅಬ್ಬಿ ಎದ್ದ್ ಹೋಪತಿಗೆ ನಂಗ್ ಎಚ್ರ ಆಯ್ತ್,” ಎಂದರು. “ಆಗ್ಳೆ ಕಣ್ಣ್ ಮುಚ್ದಾಂಗ್ ಇತ್ತ್ ನಂಗೆ. ಅಷ್ಟ್ ಬೇಗ ಎರಡೂವರೆ ಆತ್ತಾ?”

“ದಿನಾ ಆತ್ತ್.”

“ನಮ್ ಕಾಲ್ದಂಗೆ ರಂಪಣಿ ಬಲೆ ಎಳುದ್ ಬೆಳ್ಕಾದ್ ಮೇಲೆ. ಮೀನ್ ಇಲ್ಲೇ ದಡಕ್ ಬತ್ತಿತ್. ನಾನ್ ಗಂಡನಿಗೆ ಕಾದ್ ಕೂಕಂಡ್ರೂ ಬೆಳ್ಗಿನ ವರೆಗೆ ಮನಿಕಂತಿದ್ದೆ. ಬಂದರ್, ಏಲಂ ಎಲ್ಲ ಇರ್ಲಿಲ್ಲೆ.” ಅವರು ಲೋಟವನ್ನು ಕೆಳಗಿಟ್ಟರು. “ಎಷ್ಟ್ ವರ್ಷ ಆಯ್ತ್ ನಿನ್ ಅಬ್ಬಿ ಬಂದರಿಗ್ ಹೋಪುಕೆ ಸುರು ಮಾಡಿ?”

“ನಾನ್ ಹುಟ್ಟು ಮೊದ್ಲೆ ಅಂಬ್ರ್.”

ಚಹಾ ಆರಿತ್ತು. ಧನ್ಯಶ್ರೀ ಬಿಸಿ ಮಾಡಿ ಕೊಟ್ಟಳು. ಅಂದಿನಿಂದ ಸುಗುಣಮ್ಮ ಮೊಮ್ಮಗನಿಗೆ ಕಾಯಲಿಲ್ಲ, ಆದರೆ ಚಾಪೆಯನ್ನೂ ಹಾಸಲಿಲ್ಲ. ಬೆಂಚಿನ ಮೇಲೆ ಒರಗಿ ನಾಮ ಹೇಳುತ್ತಾ ಅಲ್ಲೇ ನಿದ್ರೆ ಹೋಗುತ್ತಿದ್ದರು. ಸೊಸೆಯೊಡನೆ ಮಾತು ಶುರುವಾದದ್ದು ತಾನಾಗಿಯೇ, ಉಪ್ಪಿನ ಡಬ್ಬ ಎಲ್ಲಿ ಎಂಬ ಪ್ರಶ್ನೆಯಿಂದ.

ಚೈತ್ರದಲ್ಲಿ ವನಜಳ ಮುಖ ಮಾಗಿತು. ಮಾಗಿತು ಎಂದರೆ ಮೊದಲಿನಂತಾಯಿತು, ಅಷ್ಟೇ. ಗುಲ್ವಾಡಿಯ ಮನೆಯವರು ಮತ್ತೆ ಮೀನು ತೆಗೆದುಕೊಂಡರು. ಅವಳು ಹೊಸದಾಗಿ ಶುರು ಮಾಡಿದಳು. ವಾರಕ್ಕೆ ಒಂದು ಸಲ, ಮುಖ ತೊಳೆದು, ಕ್ರೀಮು ಹಚ್ಚಿ, ಅದರ ಮೇಲೆ ಬಟಾಣಿ ಕಾಳಿಗಿಂತಲೂ ಕಡಿಮೆ. ಮದುವೆಗೆ ಉಳಿದದ್ದು ಒಂದೇ ತಿಂಗಳು. ಅಷ್ಟರಲ್ಲಿ ಏನೂ ಆಗುವುದಿಲ್ಲ ಎಂದು ಮಗಳು ಮೊದಲೇ ಹೇಳಿದಳು.

“ಗೊತ್ತಿತ್ತ್,” ಎಂದಳು ವನಜ. “ಮದಿ ಆದ್ ಮೇಲೂ ನಂಗ್ ಮೋರೆ ಇ‌ರತ್ತಲೆ.”

ಮದುವೆಗೆ ಹತ್ತು ಹದಿನೈದು ದಿನ ಇರುವಾಗ ಒಂದು ಸಂಜೆ ಹುಡುಗಿಯ ತಂದೆ ಚೆನ್ನಯ್ಯ ಬೈಕಿನಲ್ಲಿ ಬಂದರು. ಸುಗುಣಮ್ಮ ಆಗಷ್ಟೇ ದೀಪ ಹಚ್ಚಿ ಹೊರಗೆ ಬಂದು ಕುಳಿತಿದ್ದರು. ಧನ್ಯಶ್ರೀ ಕುಂದಾಪುರದಿಂದ ಬಂದಿರಲಿಲ್ಲ. ಜಿತೇಂದ್ರ ಕಡಲಿನಲ್ಲಿದ್ದ.

“ಹ್ವಾಯ್, ವನಜಕ್ಕ ಇದ್ರಾ?” ಎಂದು ಚೆನ್ನಯ್ಯ ಅಂಗಳದಿಂದಲೇ ಕೂಗಿದರು.

ಸುಗುಣಮ್ಮ ಕೈ ಎತ್ತಿ, ಮೆಲ್ಲಗೆ ಎಂದು ಸನ್ನೆ ಮಾಡಿದರು. “ಬನ್ನಿ, ಕೂಕಣಿ. ಆಸ್ರಿಗ್ ಎಂತ ಕುಡಿತ್ರಿ?”

“ಎಂತದೂ ಬ್ಯಾಡ. ಮದಿ ಮಂಟಪದವ್ರ್ ಫೋನ್ ಮಾಡಿರ್. ಊಟದ್ ಹೊತ್ತ್ ಒಂಚೂರ್ ಬದ್ಲ್ ಮಾಡ್ಕಂಬ್ರ್. ವನಜಕ್ಕನ ಹತ್ರ ಒಂದ್ ಮಾತ್ ಕೇಳ್ಕಿತ್.”

“ಅದ್ ಮನಿಕಂಡಿತ್.”

ಚೆನ್ನಯ್ಯನ ಮುಖ ಗಂಭೀರವಾಯಿತು. “ಹುಷಾರಿಲ್ಯಾ?”

“ಹುಷಾರಿತ್ತ್.”

“ಜಿತೇಂದ್ರ ಕಡಲಿಗ್ ಹೋಯ್ಲಿಲ್ಯಾ ಇವತ್ತ್?”

“ಹೋಯ್ದ.”

ಚೆನ್ನಯ್ಯನೂ ಕಡಲಿಗೆ ಹೋಗುವ ಮನೆಯವರೇ. ಗಂಡಸು ಬರುವವರೆಗೆ ಕಾಯುವ ನಡೆ ಅವರ ಮನೆಯಲ್ಲೂ ಇತ್ತು. ಒಳಬಾಗಿಲ ಕಡೆ ನೋಡಿ, ಮತ್ತೆ ಸುಗುಣಮ್ಮನ ಕಡೆ ನೋಡಿದರು.

“ಅವ ಬಪ್ಪು ಮೊದ್ಲೇ...” ಎಂದು ನಿಲ್ಲಿಸಿದರು. ಆಮೇಲೆ, “ಒಂದ್ ಗಳ್ಗಿ ಏಳ್ಸುಕಾತಿಲ್ಯಾ? ಮಂಟಪದವ್ರಿಗೆ ಇವತ್ತೇ ಹೇಳ್ಕ್.”

“ಆತಿಲ್ಲೆ,” ಎಂದರು ಸುಗುಣಮ್ಮ. “ಮಗ ಬಂದ್ ಬಡ್ಸ್ಕಂಡ್ ಉಣ್ತ. ವನಜಂಗ್ ರಾತ್ರಿ ಆಯ್ತ್. ಎಂತ ಇದ್ರೂ ನನ್ ಹತ್ರ ಹೇಳಿ.”

ಚೆನ್ನಯ್ಯ ಹೊರಗೆ ನೋಡಿದರು. ಹೆದ್ದಾರಿಯ ಆಚೆ ಕಡಲಿನ ಮೇಲೆ ಇನ್ನೂ ಬೆಳಕಿತ್ತು. ಅವರು ಕಾಲಿನ ಚಪ್ಪಲಿಯನ್ನು ಸದ್ದಾಗದಂತೆ ಬಿಟ್ಟು, ಬೆಂಚಿನ ತುದಿಯಲ್ಲಿ ಕುಳಿತು, ತಗ್ಗಿದ ಧ್ವನಿಯಲ್ಲಿ ಊಟದ ಹೊತ್ತಿನ ವಿಷಯ ಹೇಳತೊಡಗಿದರು.